ಹಿತ್ತಲ ಕಡೆ ತಿರುಗಿ ನಿಲ್ಲಿ

"ತೊಕುಜಿ ಸಾನ್ ಕುಡೀತಾರಾ?"

ಮೂರು ವರ್ಷಕ್ಕೊಮ್ಮೆ ನಮ್ಮೂರಿನ ಪೊಲೀಸಪ್ಪ ನನ್ನ ಅಂಗಡಿಗೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು ಇದೇ ಪ್ರಶ್ನೆ ಕೇಳುತ್ತಿದ್ದ. ಊರಿಗೆ ಸಾಕೆ ಎಂಬ ಅಕ್ಕಿಯ ಹೆಂಡ ಮಾರುವವಳು ನಾನೊಬ್ಬಳೇ. ಯಾರ ಹೊಟ್ಟೆಗೆ ಎಷ್ಟು ಇಳಿಯುತ್ತದೆ ಎಂಬುದು ವೈದ್ಯರಿಗಿಂತ ನನಗೆ ಚೆನ್ನಾಗಿ ಗೊತ್ತು.

"ವಾರಕ್ಕೆ ಒಂದು ಬಾಟಲಿ. ಅದರಲ್ಲೂ ಅರ್ಧ ಮಿತ್ಸುಯೊ ಅಕ್ಕ ಮೀನಿನ ಪಲ್ಯಕ್ಕೆ ಸುರೀತಾಳೆ."

"ಗಂಡ ಹೆಂಡತಿ ಜಗಳ ಏನಾದ್ರೂ?"

"ದಿನಾ."

ಪೊಲೀಸಪ್ಪನ ಪೆನ್ನು ನಿಲ್ಲುತ್ತಿತ್ತು. "ಯಾವ ವಿಷಯಕ್ಕೆ?"

"ಮಿಸೊ ಸಾರಿಗೆ ಉಪ್ಪು ಜಾಸ್ತಿ ಅಂತ ಅವನು. ನಿಮ್ಮ ನಾಲಿಗೇನೇ ಕೆಟ್ಟಿದೆ ಅಂತ ಅವಳು. ಮದುವೆ ಆದಾಗಿಂದ ಇದೊಂದೇ ಜಗಳ, ಇನ್ನೂ ಮುಗಿದಿಲ್ಲ. ಬರ್ಕೊಳ್ಳಿ."

ಅವನು ಬರೆದುಕೊಳ್ಳುತ್ತಿದ್ದ. ನಾನು ಇಣುಕಿ ನೋಡಿದರೆ ಪುಸ್ತಕದಲ್ಲಿ 'ದಂಪತಿ ಅನ್ಯೋನ್ಯ' ಎಂದಿರುತ್ತಿತ್ತು. ಇಷ್ಟಕ್ಕೆ ನನ್ನನ್ನು ಯಾಕೆ ಕೇಳಬೇಕಿತ್ತೋ.

ಕೇಳಲೇಬೇಕು ಎನ್ನಿ. ತೊಕುಜಿಯ ಮನೆಯಲ್ಲಿ ಕೋವಿ ಇತ್ತು. ನಮ್ಮಲ್ಲಿ ಕೋವಿ ಇಟ್ಟುಕೊಂಡವನ ಕುಡಿತ, ಸಿಟ್ಟು, ನಿದ್ದೆ ಎಲ್ಲವೂ ಪೊಲೀಸರ ಕಡತಕ್ಕೆ ಸೇರಿದ ವಿಷಯ. ಕೋವಿ ಒಂದು ಕಬ್ಬಿಣದ ಬೀರುವಿನಲ್ಲಿ, ಗುಂಡುಗಳು ಇನ್ನೊಂದರಲ್ಲಿ. ಎರಡನ್ನೂ ಗೋಡೆಗೆ ಬೋಲ್ಟು ಹಾಕಿ ಬಿಗಿದಿರಬೇಕು. ಬೀಗದ ಕೈ ಎಲ್ಲಿದೆ ಎಂಬುದು ಕೋವಿಯ ಯಜಮಾನನಿಗೊಬ್ಬನಿಗೇ ಗೊತ್ತಿರಬೇಕು. ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಕೂಡದು. ಗೊತ್ತೆಂದು ಪೊಲೀಸರಿಗೆ ತಿಳಿದರೆ ಲೈಸೆನ್ಸಿನ ಕಥೆ ಮುಗಿಯಿತು.

ಈ ಕೊನೆಯ ನಿಯಮವನ್ನು ತೊಕುಜಿ ದೇವರ ಅಪ್ಪಣೆಯ ಹಾಗೆ ಪಾಲಿಸಿಕೊಂಡು ಬಂದವನು. ಲೈಸೆನ್ಸು ಸಿಕ್ಕ ದಿನವೇ ಹೆಚ್ಚುವರಿ ಬೀಗದ ಕೈಗಳನ್ನು ಆಗಿನ ಪೊಲೀಸಪ್ಪನ ಎದುರಿಗೇ ಸುತ್ತಿಗೆಯಿಂದ ಜಜ್ಜಿ ಹಾಕಿದ್ದ. ಎರಡು ಬೀರುಗಳಿಗೆ ಒಂದೊಂದು ಕೈ, ಎರಡೂ ಒಂದೇ ಬಳೆಯಲ್ಲಿ, ಆ ಬಳೆ ಅವನಿಗೊಬ್ಬನಿಗೇ ಗೊತ್ತಿದ್ದ ಜಾಗದಲ್ಲಿ. ಚಳಿಗಾಲದ ಬೇಟೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಜಾಗ ಬದಲಿಸುತ್ತಿದ್ದ.

ತೊಕುಜಿ ಅಂಚೆಯವನಾಗಿದ್ದವನು. ಸುತ್ತಲ ನಾಲ್ಕು ಹಳ್ಳಿಗಳ ಪ್ರತಿ ಮನೆಯೂ ಅವನಿಗೆ ಬಾಯಿಪಾಠ. ಹೆಸರು ಮಾತ್ರ ಬರೆದ ಕಾಗದವನ್ನೂ ತಲುಪಿಸುತ್ತಿದ್ದ. ನಿವೃತ್ತನಾದ ಮೇಲೂ ಯಾರಾದರೂ ಸತ್ತವರ ಮಾತೆತ್ತಿದರೆ ಸಾಕು, "ಹನ್ನೆರಡನೇ ನಂಬರು, ಬಾವಿ ಪಕ್ಕದ್ದು, ನಾಯಿ ಕಚ್ತಿತ್ತು" ಎಂದು ಶುರುಮಾಡುತ್ತಿದ್ದ. ಒಂದು ಕಾಲದಲ್ಲಿ ನಮ್ಮೂರಲ್ಲಿ ಏಳು ಜನ ಬೇಟೆಗಾರರಿದ್ದರು. ಕೆಲವರು ಸತ್ತರು, ಕೆಲವರು ಮೊಣಕಾಲು ನೋವೆಂದು ಕೋವಿ ಒಪ್ಪಿಸಿದರು. ಉಳಿದವನು ತೊಕುಜಿ ಒಬ್ಬ. ಕಾಡುಹಂದಿ ಗೆಣಸಿನ ಗದ್ದೆಗೆ ನುಗ್ಗಿತೆಂದರೆ ಊರವರೆಲ್ಲ ಅವನ ಬಾಗಿಲು ತಟ್ಟುತ್ತಿದ್ದರು. ಆಗ ಅವನು ಬೂಟು ಹಾಕಿಕೊಳ್ಳುವ ಗತ್ತು ನೋಡಬೇಕಿತ್ತು!

ಅವನಿಗೆ ಎಪ್ಪತ್ತಾರು ತುಂಬಿತು. ಎಪ್ಪತ್ತೈದು ದಾಟಿದವರಿಗೆ ಲೈಸೆನ್ಸು ಮುಂದುವರಿಯಬೇಕಾದರೆ ನೆನಪಿನ ಪರೀಕ್ಷೆ ಇದೆ. ಹದಿನಾರು ಚಿತ್ರ ತೋರಿಸಿ ಮುಚ್ಚಿಬಿಡುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಏನೇನಿತ್ತು ಎಂದು ಕೇಳುತ್ತಾರೆ. ಆ ಮಾರ್ಚಿ ತಿಂಗಳಿಡೀ ತೊಕುಜಿ ನನ್ನ ಅಂಗಡಿಯ ಕಪಾಟನ್ನು ಒಮ್ಮೆ ನೋಡಿ, ಬೆನ್ನು ತಿರುಗಿಸಿ, ಡಬ್ಬಿಗಳ ಹೆಸರು ಒಪ್ಪಿಸುತ್ತ ಅಭ್ಯಾಸ ಮಾಡಿದ. ಪರೀಕ್ಷೆಯಲ್ಲಿ ಹದಿನಾರಕ್ಕೆ ಹದಿನಾರು! ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. "ಸಿಂಹ, ಫಿರಂಗಿ, ಬಿದಿರಿನ ಚಿಗುರು, ಬಾಣಲೆ..." ಈಗಲೂ ನನಗೇ ಬಾಯಿಗೆ ಬರುತ್ತದೆ, ಕರ್ಮ.

ಪ್ರತಿ ವರ್ಷ ಮೇ ತಿಂಗಳಲ್ಲಿ ಪೊಲೀಸಪ್ಪ ಮನೆಗೇ ಬಂದು ಬೀರುಗಳನ್ನು ನೋಡಿ ಹೋಗುವ ಪದ್ಧತಿ. ಆ ಪದ್ಧತಿಗೆ ತೊಕುಜಿ ತನ್ನದೊಂದು ಪದ್ಧತಿ ಸೇರಿಸಿದ್ದ. ಬೀಗದ ಕೈ ತೆಗೆಯುವಾಗ ಯಾರೂ ನೋಡಬಾರದಲ್ಲ? ಅದಕ್ಕೆ ಜಗುಲಿಯ ತುದಿಗೆ ಎಲ್ಲರನ್ನೂ ಕಳಿಸಿ, "ಹಿತ್ತಲ ಕಡೆ ತಿರುಗಿ ನಿಲ್ಲಿ" ಎನ್ನುತ್ತಿದ್ದ. ಪೊಲೀಸಪ್ಪ, ಮಿತ್ಸುಯೊ ಅಕ್ಕ, ಆಗ ಮನೆಗೆ ಬಂದವರು ಯಾರಿದ್ದರೆ ಅವರು, ಎಲ್ಲರೂ ಸಾಲಾಗಿ ಮೂಲಂಗಿ ಪಾತಿ ನೋಡುತ್ತ ನಿಲ್ಲಬೇಕು. ಅರ್ಧ ನಿಮಿಷದಲ್ಲಿ "ಆಯ್ತು" ಎನ್ನುತ್ತಿದ್ದ. ಬೀರು ತೆರೆದು, ನಂಬರು ತಾಳೆ ನೋಡಿ, ಗುಂಡು ಎಣಿಸಿ, ಚಹಾ ಕುಡಿದು ಮುಗಿಸಿದ ಮೇಲೆ ಅವನ ಜಂಭದ ಸರದಿ.

"ಹೋದ ವರ್ಷ ಬೀಗದ ಕೈ ಎಲ್ಲಿತ್ತು ಗೊತ್ತಾ? ಗೋಡೆ ಗಡಿಯಾರದ ಒಳಗೆ! ಇವಳ ತಲೆ ಮೇಲೇ ನೇತಾಡ್ತಿತ್ತು! ಏನೇ, ಗೊತ್ತಾಯ್ತಾ ನಿಂಗೆ?"

"ಅಯ್ಯೋ, ಹೌದೇನ್ರೀ!" ಎಂದು ಮಿತ್ಸುಯೊ ಅಕ್ಕ ಬಾಯಿಗೆ ಸೆರಗಿನ ಹಾಗೆ ಅಡುಗೆಯ ಬಟ್ಟೆ ಅಡ್ಡ ಹಿಡಿಯುತ್ತಿದ್ದಳು. "ಎಂಥಾ ತಲೆ ನಿಮ್ದು!"

ಆ ಗಡಿಯಾರವನ್ನು ಅವಳು ಶನಿವಾರ ಶನಿವಾರ ಇಳಿಸಿ ಒರೆಸುತ್ತಿದ್ದಳು. ಅದಕ್ಕೆ ಹಿಂದಿನ ವರ್ಷ ಅಕ್ಕಿಯ ಪೀಪಾಯಿಯ ತಳ, ಅದಕ್ಕೂ ಹಿಂದೆ ಸ್ನಾನದ ಒಲೆಯ ಬೂದಿಗೂಡು. ಅಕ್ಕಿ ಅಳೆಯುವವಳು ಯಾರು, ಬೂದಿ ತೋಡುವವಳು ಯಾರು? ನನ್ನ ಮಂದಬುದ್ಧಿಗೆ ಅದು ಹೊಳೆದಿರಲಿಲ್ಲ. ನಾನೂ ಪೊಲೀಸಪ್ಪನ ಜೊತೆ ಸೇರಿ ಚಪ್ಪಾಳೆ ತಟ್ಟುತ್ತಿದ್ದೆ.

ಆ ವರ್ಷ ಬಂದವನು ಹಯಾಮಿ ಎಂಬ ಹೊಸ ಪೊಲೀಸಪ್ಪ. ಇಪ್ಪತ್ತೇಳು ವರ್ಷ, ಕತ್ತಿನ ಮೇಲೆ ಇನ್ನೂ ಮೊಡವೆ, ಎದುರಿಗೆ ಮುದುಕರು ಕಂಡರೆ ಸೈಕಲ್ಲಿನಿಂದ ಇಳಿದು ಬಗ್ಗುವ ಹುಡುಗ. ನಾನು ಅವತ್ತು ತೊಕುಜಿಯ ಮನೆಗೆ ಸೋಯಾ ರಸದ ಬಾಟಲಿ ಕೊಡಲು ಹೋಗಿದ್ದೆ. ಸುಳ್ಳೇಕೆ, ತಮಾಷೆ ನೋಡಲೆಂದೇ ಹೋಗಿದ್ದೆ.

ಹಯಾಮಿ ಕಾಗದ ನೋಡಿಕೊಂಡು ಕೇಳಿದ, "ಮಿತ್ಸುಯೊ ಸಾನ್, ಬೀಗದ ಕೈ ಎಲ್ಲಿರುತ್ತೆ ಅಂತ ನಿಮಗೆ ಗೊತ್ತಾ?"

"ನಂಗೇನು ಗೊತ್ತಪ್ಪ, ನಾನು ಅಡುಗೆಮನೆಯವಳು."

ಹುಡುಗ ಗುರುತು ಹಾಕಿಕೊಂಡ. ತೊಕುಜಿ ಎದೆ ಸೆಟೆಸಿ ಎದ್ದು ನಿಂತ. "ಎಲ್ಲರೂ ಹಿತ್ತಲ ಕಡೆ ತಿರುಗಿ ನಿಲ್ಲಿ."

ನಿಂತೆವು. ಅರ್ಧ ನಿಮಿಷ ಆಯಿತು. ಒಂದು ಡ್ರಾಯರು ಎಳೆದ ಸದ್ದು. ಇನ್ನೊಂದು ಡ್ರಾಯರು. ಐದು ನಿಮಿಷ ಆಯಿತು.

"ಮೂಲಂಗಿ ಚೆನ್ನಾಗಿ ಬಂದಿದೆ," ಎಂದ ಹಯಾಮಿ.

"ಹೂಂ," ಎಂದಳು ಮಿತ್ಸುಯೊ ಅಕ್ಕ.

ಹಿಂದೆ ಏನೋ ದಢಾರನೆ ಬಿತ್ತು. ಹಯಾಮಿಯ ಕತ್ತು ಒಂದು ಗೆರೆಯಷ್ಟು ತಿರುಗಿ ಮತ್ತೆ ಮುಂದಕ್ಕೆ ಬಂತು. "ತೊಕುಜಿ ಸಾನ್, ಏನಾದ್ರೂ ಸಹಾಯ ಬೇಕಾ?"

"ತಿರುಗಬೇಡಿ!"

"ತಿರುಗಿಲ್ಲ!"

"ಯಾರೂ ತಿರುಗಬಾರದು!"

"ಯಾರೂ ತಿರುಗಿಲ್ಲಪ್ಪಾ, ಬೇಗ ಮುಗಿಸಿ, ಅಂಗಡಿ ಬಾಗಿಲು ತೆಗೆದಿಟ್ಟು ಬಂದಿದೀನಿ!" ಎಂದು ನಾನು ಕೂಗಿದೆ.

ಹತ್ತು ನಿಮಿಷ. ಗಡಿಯಾರ ಇಳಿಸಿದ ಸದ್ದು. ಅಕ್ಕಿಯ ಪೀಪಾಯಿ ಮಗುಚಿದ ಸದ್ದು. ಆಮೇಲೆ ಚಾಪೆಯ ಮೇಲೆ ಮಂಡಿಯೂರಿ ತೆವಳುವ ಸದ್ದು, ಜೊತೆಗೆ ಮುದುಕನ ಏದುಸಿರು. ಆಗ ನನ್ನ ನಗು ನಿಂತುಹೋಯಿತು. ಅಯ್ಯೋ ದೇವರೇ, ಇವನಿಗೆ ಮರೆತುಹೋಗಿದೆ. ಹದಿನಾರು ಚಿತ್ರಕ್ಕೆ ಜಾಗ ಮಾಡಿಕೊಡಲು ಹೋಗಿ ಬೀಗದ ಕೈಯನ್ನು ತಲೆಯಿಂದ ಆಚೆ ಹಾಕಿದ್ದಾನೆ.

ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳಬೇಕಿರಲಿಲ್ಲ. ಹುಡುಗ ಒಳ್ಳೆಯವನೇ, ಆದರೆ ಅವನ ಕೈಯಲ್ಲಿ ಕಾಗದವಿದೆ. 'ವಯಸ್ಸು ಎಪ್ಪತ್ತಾರು, ಬೀಗದ ಕೈ ಎಲ್ಲಿಟ್ಟಿದ್ದಾರೆಂದು ನೆನಪಿಲ್ಲ' ಎಂದು ಒಂದು ಸಾಲು ಬರೆದರೆ ಕೋವಿ ಹೋಯಿತು. ಕೋವಿ ಹೋದರೆ ಹೋಗಲಿ ಎನ್ನಬಹುದು. ಆದರೆ ತೊಕುಜಿಗೆ ನೆನಪು ಕೆಟ್ಟಿದೆ ಎಂದು ಸರ್ಕಾರದ ಕಾಗದದಲ್ಲಿ ಬರೆಸಿಕೊಳ್ಳುವುದನ್ನು ಆ ಅಂಚೆಯವನು ತಡೆದುಕೊಳ್ಳುತ್ತಿದ್ದನೇ? ನಾನು ಪಕ್ಕಕ್ಕೆ ನೋಡಿದೆ. ಮಿತ್ಸುಯೊ ಅಕ್ಕ ಅಡುಗೆಯ ಬಟ್ಟೆಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

ಹದಿನೈದು ನಿಮಿಷ ಆದಾಗ ಹಯಾಮಿ ನಿಧಾನವಾಗಿ ಕೈಗಡಿಯಾರ ನೋಡಿಕೊಂಡ. ಆಗ ಮಿತ್ಸುಯೊ ಅಕ್ಕ, ಮೂಲಂಗಿಯಿಂದ ಕಣ್ಣು ಕೀಳದೆ, ಇದ್ದಕ್ಕಿದ್ದ ಹಾಗೆ ಮಾತಿಗೆ ಶುರುಮಾಡಿದಳು. ದನಿ ಮಾತ್ರ ಕಿವುಡರ ಮನೆಯಲ್ಲಿ ಮಾತಾಡಿದಷ್ಟು ಜೋರು.

"ನೋಡಪ್ಪ ಪೊಲೀಸಪ್ಪ, ಈ ಹರುಯೊಳ ಯಜಮಾನರು ಇದ್ರಲ್ಲ, ಇಸಾಮು ಸಾನ್, ಹೋಗಿ ಆರು ವರ್ಷ ಆಯ್ತು. ಅವರೂ ಹೀಗೇ. ನಮ್ಮನೆಯವರ ಜೊತೆ ಹಲಗೆ ಮೇಲೆ ಗೋ ಆಟ ಆಡೋಕೆ ಕೂತರೆ ಒಂದು ಕಲ್ಲು ಇಡೋಕೆ ಇಪ್ಪತ್ತು ನಿಮಿಷ! ಅಲ್ವೇನೇ ಹರುಯೊ?"

ನನ್ನ ಗಂಡನನ್ನು ಈಗ ಯಾಕೆ ಎಳೆದು ತಂದಳೋ ನನಗೆ ತಿಳಿಯಲಿಲ್ಲ. "ಹೂಂ, ಹೌದು," ಎಂದೆ.

"ಇಸಾಮು ಸಾನ್ ಯಾವಾಗಲೂ ಬಿಳಿ ಕಲ್ಲು. ಬಿಳೀನೇ ಬೇಕು ಅಂತ ಹಟ. ಅವರು ಹೋದ ಮೇಲೆ ನಮ್ಮನೆಯವರು ಆ ಬಿಳಿ ಕಲ್ಲಿನ ಡಬ್ಬಿ ಮುಟ್ಟೇ ಇಲ್ಲ ನೋಡು. ಕಪ್ಪು ಬಿಳಿ ಎರಡೂ ಡಬ್ಬಿ ಹಾಸಿಗೆ ಕಪಾಟಿನ ಮೇಲೆ ಹಾಗೇ ಕೂತಿವೆ. ಪಾಪ, ಯಾರೂ ಮುಟ್ಟಲ್ಲ."

ಹಿಂದೆ ಏದುಸಿರು ನಿಂತಿತು. ಮುಕ್ಕಾಲಿ ಎಳೆದ ಸದ್ದು. ಆಮೇಲೆ ಗಲಗಲ, ಗಲಗಲ ಎಂದು ಕಲ್ಲುಗಳನ್ನು ಕಲಕಿದ ಸದ್ದು. ಆಮೇಲೆ ಒಂದು ಸಣ್ಣ ಕಬ್ಬಿಣದ ಸದ್ದು.

ಮಿತ್ಸುಯೊ ಅಕ್ಕನ ಮುಖ ನೋಡಿದೆ. ಅವಳು ಮೂಲಂಗಿಯನ್ನೇ ನೋಡುತ್ತಿದ್ದಳು. ಹಯಾಮಿಯೂ ಮೂಲಂಗಿಯನ್ನೇ ನೋಡುತ್ತಿದ್ದ, ಆದರೆ ಅವನ ಕಿವಿಗಳು ಕೆಂಪಗಾಗಿದ್ದವು.

"ಆಯ್ತು, ತಿರುಗಿ," ಎಂದ ತೊಕುಜಿ, ರಾಜಗಾಂಭೀರ್ಯದಿಂದ. ತಲೆಯಲ್ಲಿ ಜೇಡರ ಬಲೆ, ಕೈಯಲ್ಲಿ ಬೀಗದ ಕೈ. ಚಾಪೆಯ ತುಂಬ ಅಕ್ಕಿ. "ಸ್ವಲ್ಪ ತಡ ಮಾಡಿದೆ. ಬೇಕು ಅಂತಾನೇ. ಸದ್ದು ಕೇಳಿ ಜಾಗ ಊಹೆ ಮಾಡ್ತಾರೆ ನೋಡಿ ಜನ, ಅದಕ್ಕೆ ನಾಲ್ಕಾರು ಕಡೆ ಸುಮ್ನೆ ಸದ್ದು ಮಾಡಿದೆ."

"ಒಳ್ಳೆ ಉಪಾಯ," ಎಂದ ಹಯಾಮಿ. ಆ ಹುಡುಗನಿಗೆ ದೇವರು ಒಳ್ಳೆಯದು ಮಾಡಲಿ.

ಕೋವಿಯ ನಂಬರು ತಾಳೆಯಾಯಿತು. ಗುಂಡುಗಳು ಲೆಕ್ಕಕ್ಕೆ ಸರಿಯಾಗಿ ನಲವತ್ಮೂರು. ಹಯಾಮಿ ಮುದ್ರೆ ಒತ್ತಿದ, ಚಹಾ ಕುಡಿದ. ಮಿತ್ಸುಯೊ ಅಕ್ಕ 'ಅಯ್ಯೋ, ಹೌದೇನ್ರೀ' ಎನ್ನಲು ಸಿದ್ಧಳಾಗಿ ಕೂತಿದ್ದಳು. ಆದರೆ ಈ ಸಲ ತೊಕುಜಿ ಹೋದ ವರ್ಷದ ಜಾಗದ ಮಾತೇ ಎತ್ತಲಿಲ್ಲ. ಚಹಾದ ಬಟ್ಟಲು ತಿರುಗಿಸುತ್ತ ಕೂತ. ಹೊರಡುವಾಗ ನಾನು ಅಕ್ಕಿ ಗುಡಿಸಿಕೊಟ್ಟು ಬಂದೆ.

ಮೂರನೆಯ ದಿನ ತೊಕುಜಿ ಅಂಗಡಿಗೆ ಬಂದ. ಏನೂ ಕೊಳ್ಳಲಿಲ್ಲ. ಉಪ್ಪಿನಕಾಯಿಯ ಬರಣಿಗಳ ಮುಂದೆ ನಿಂತು, ನನ್ನ ಮುಖ ನೋಡದೆ ಕೇಳಿದ.

"ಹರುಯೊ, ಅವತ್ತು ಇವಳು ಇಸಾಮು ಮಾತು ಯಾಕೆ ತೆಗೆದಳು?"

"ನೆನಪಾಗಿರಬೇಕು."

"ಸುಳ್ಳು ಹೇಳೋಕೆ ನಿಂಗೆ ಬರಲ್ಲ, ಬಿಡು."

ನಾನು ಬರಣಿಯೊಂದರ ಮುಚ್ಚಳ ಬಿಗಿ ಮಾಡಿದೆ.

"ಗಡಿಯಾರ ವಾರ ವಾರ ಒರೆಸ್ತಾಳೆ ಅವಳು," ಎಂದ. "ಅಕ್ಕಿ ಅವಳೇ ಅಳೀತಾಳೆ. ಒಲೆ ಬೂದಿ ಅವಳೇ ತೆಗೀತಾಳೆ. ನಿನ್ನೆ ಇಡೀ ದಿನ ಒಂದೊಂದೇ ಲೆಕ್ಕ ಹಾಕಿದೆ. ನಲವತ್ತೊಂದು ವರ್ಷ, ಹರುಯೊ! ಒಂದು ವರ್ಷಾನೂ ಅವಳಿಗೆ ಗೊತ್ತಿಲ್ಲದ ಜಾಗ ಇರಲಿಲ್ಲ. ನಾನು ಒಂಬತ್ತು ಜನ ಪೊಲೀಸರಿಗೆ ಎದೆ ತಟ್ಕೊಂಡು ಹೇಳಿದೀನಿ, ನನ್ನ ಹೆಂಡತಿಗೆ ಗೊತ್ತಿಲ್ಲ ಅಂತ. ಅದರಲ್ಲಿ ಇಬ್ಬರು ಸತ್ತೇ ಹೋದರು. ಅವರ ಹತ್ರ ಹೋಗಿ ಹೇಗೆ ಕ್ಷಮೆ ಕೇಳಲಿ?"

ನನಗೆ ನಗು ಉಕ್ಕಿತು, ತಡೆದುಕೊಂಡೆ. "ಅಣ್ಣ, ಅವಳಿಗೆ ಗೊತ್ತಿದ್ದರೂ ಒಂದು ದಿನ ಆದ್ರೂ ಬೀರು ಮುಟ್ಟಿದಾಳಾ? ಇಲ್ವಲ್ಲ. ಇದನ್ನು ಇಲ್ಲಿಗೇ ಬಿಡಿ. ಇವತ್ತು ಬೇರೆ ಕಡೆ ಬಚ್ಚಿಡಿ, ಅಷ್ಟೇ."

"ಅದನ್ನೂ ಹುಡುಕ್ತಾಳೆ. ನಾನು ಮರೆತ ದಿನ ಮತ್ತೆ ನನ್ನ ಕೈಗೆ ಕೊಡ್ತಾಳೆ. ಹಾಗಾದ್ರೆ ಆ ಕೋವಿ ಯಾರದು? ನನಗೊಬ್ಬನಿಗೇ ಗೊತ್ತಿರುತ್ತೆ ಅಂತ ಮಾತು ಕೊಟ್ಟಿದ್ದೆ. ಈಗ ಅವಳಿಗೊಬ್ಬಳಿಗೇ ಗೊತ್ತು."

ನಾನು ಏನೇನೋ ಹೇಳಿದೆ. ಕಾಡುಹಂದಿಗೆ ಯಾರು ಗತಿ ಎಂದೆ, ನನ್ನ ಗೆಣಸಿನ ಗದ್ದೆಯ ಗತಿ ಏನು ಎಂದೆ. ಸಿಟ್ಟು ಬಂದು ಬೈದೂ ಬೈದೆ. ಅವನು ಆಗಲೇ ಬಾಗಿಲು ದಾಟಿದ್ದ.

ಮಾರನೆಯ ದಿನ ಮಧ್ಯಾಹ್ನ ಹಯಾಮಿಯನ್ನು ಮನೆಗೇ ಕರೆಸಿದ. ನಾನೂ ಹೋದೆ, ಈ ಸಲ ಬಾಟಲಿಯ ನೆಪವೂ ಇರಲಿಲ್ಲ. ಕೋವಿಯನ್ನು ಚೀಲದಲ್ಲಿ ಹಾಕಿ, ಗುಂಡಿನ ಪೆಟ್ಟಿಗೆ ಪಕ್ಕದಲ್ಲಿಟ್ಟು, ಲೈಸೆನ್ಸಿನ ಪುಸ್ತಕವನ್ನು ಮುಂದೆ ತಳ್ಳಿ ತೊಕುಜಿ ಮಂಡಿಯೂರಿ ಕೂತಿದ್ದ.

"ಒಪ್ಪಿಸ್ತಾ ಇದೀನಿ. ಕಾರಣ ಬರ್ಕೊಳ್ಳಿ. ಬೀಗದ ಕೈ ಎಲ್ಲಿಟ್ಟೆ ಅಂತ ನನಗೆ ಮರೆತುಹೋಗಿತ್ತು."

ಅಡುಗೆಮನೆಯ ಬಾಗಿಲಲ್ಲಿ ಮಿತ್ಸುಯೊ ಅಕ್ಕ ಕಾಣಿಸಿಕೊಂಡಳು. "ರೀ, ಅದು ಹಾಗಲ್ಲ, ನಾನೇ..."

"ನೀನು ಸುಮ್ನಿರು. ಹೋಗಿ ಸಾರು ನೋಡು, ಉಕ್ತಾ ಇದೆ." ಮತ್ತೆ ಹಯಾಮಿಯ ಕಡೆ ತಿರುಗಿ ಹೇಳಿದ, "ಜಾಗ ಬೇರೆ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಷ್ಟೇ ಬರೀರಿ."

ಸಾರು ಒಲೆಯ ಮೇಲೇ ಇರಲಿಲ್ಲ, ನಾನು ಅಲ್ಲೇ ಕೂತಿದ್ದೆನಲ್ಲ. ಹದಿನಾರಕ್ಕೆ ಹದಿನಾರು ಎಂದು ಊರೆಲ್ಲ ಸಾರಿದ ಮನುಷ್ಯ, ತನಗೆ ಅರಳುಮರಳು ಎಂದು ಸರ್ಕಾರದ ಕಾಗದದಲ್ಲಿ ತಾನೇ ಬರೆಸುತ್ತಿದ್ದ. ಹೆಂಡತಿಯ ಹೆಸರು ಆ ಕಾಗದಕ್ಕೆ ಬೀಳಬಾರದೆಂದು.

ಹಯಾಮಿ ಪೆನ್ನು ತೆಗೆಯಲಿಲ್ಲ. "ತೊಕುಜಿ ಸಾನ್, ಅವತ್ತು ನಾನು ಹಿತ್ತಲು ನೋಡ್ತಾ ಇದ್ದೆ. ನನಗೇನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. ಬೀಗದ ಕೈ ಸಿಕ್ತು, ಲೆಕ್ಕ ಸರಿ ಇತ್ತು, ಮುದ್ರೆ ಒತ್ತಾಗಿದೆ. ಇನ್ನು ಬರೋದು ಮುಂದಿನ ಮೇ ತಿಂಗಳಿಗೆ. ಅಲ್ಲಿವರೆಗೆ ಯೋಚನೆ ಮಾಡಬಹುದಲ್ಲ?"

ತೊಕುಜಿಗೆ ಕೆಂಡದಂಥ ಸಿಟ್ಟು ಬಂತು.

"ಏನ್ರೀ ನೀವು ಹೇಳ್ತಿರೋದು! ಪೊಲೀಸಾಗಿ ಹೀಗೆ ಮಾತಾಡ್ತೀರಾ? ಒಬ್ಬ ಮನುಷ್ಯ ಕೋವಿ ತರೋಕೆ ಒಳಗೆ ಹೋದ. ನೀವು ಅವನಿಗೆ ಇಪ್ಪತ್ತು ನಿಮಿಷ ಬೆನ್ನು ಕೊಟ್ಟು ನಿಂತಿದ್ರಿ. ಇಪ್ಪತ್ತು ನಿಮಿಷ! ಒಂದು ಸಲನೂ ತಿರುಗಲಿಲ್ಲ. ಯಾಕೆ? ನನ್ನ ಮಾತು ನಂಬಿ. ಅಂಥವರಿಗೆ ನಾನು ಸುಳ್ಳು ಮಾತು ಕೊಟ್ಟು ಇನ್ನೊಂದು ವರ್ಷ ಕೋವಿ ಇಟ್ಕೊಳ್ಳಲಾ? ತೆಗೀರಿ ಪೆನ್ನು!"

ಹುಡುಗ ಪೆನ್ನು ತೆಗೆದ. ಬರೆದ. ತೊಕುಜಿ ಸಹಿಯ ಬದಲಿಗೆ ತನ್ನ ಹೆಸರಿನ ಮುದ್ರೆ ಒತ್ತಿದ, ಓರೆಯಾಯಿತೆಂದು ಇನ್ನೊಂದು ಕಾಗದ ತರಿಸಿ ನೆಟ್ಟಗೆ ಒತ್ತಿದ. ಹಯಾಮಿ ಎದ್ದು, ಸೊಂಟದವರೆಗೆ ಬಗ್ಗಿ, ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನಿಂತು ಕೇಳಿದ.

"ತೊಕುಜಿ ಸಾನ್, ಆ ಕಲ್ಲಿನ ಆಟ ನನಗೆ ಕಲಿಸ್ತೀರಾ? ನಾನು ಬಿಳೀನೇ ತಗೋತೀನಿ."

ಏನೂ ಕೇಳಿಸಿರಲಿಲ್ಲವಂತೆ ಅವನಿಗೆ!

ಆ ಬೇಸಿಗೆಯಲ್ಲಿ ಕಾಡುಹಂದಿಗಳು ನನ್ನ ಗೆಣಸಿನ ಗದ್ದೆಯನ್ನು ಉತ್ತು ಹೋದವು. ಪಕ್ಕದ ಊರಿನವರು ಬಂದು ಬೋನು ಇಟ್ಟರು. ಅದರಲ್ಲಿ ಬಿದ್ದದ್ದು ನನ್ನ ಬೆಕ್ಕು. ತೊಕುಜಿಯನ್ನು ಕಂಡಾಗಲೆಲ್ಲ ಆ ಗೆಣಸಿನ ಮಾತೆತ್ತಿ ಚುಚ್ಚಿದ್ದೇನೆ. ಅವನು "ಹನ್ನೆರಡನೇ ನಂಬರಿನ ಗದ್ದೆ ನಿನ್ನದಕ್ಕಿಂತ ಹಾಳಾಗಿದೆ" ಎಂದು ಸಮಾಧಾನ ಹೇಳುತ್ತಿದ್ದ. ಹಯಾಮಿ ಭಾನುವಾರ ಭಾನುವಾರ ಬಂದು ಬಿಳಿ ಕಲ್ಲು ಹಿಡಿದು ಸೋತು ಹೋಗುತ್ತಿದ್ದ.

ಖಾಲಿ ಬೀರು ಮಾತ್ರ ಗೋಡೆಯಲ್ಲೇ ಉಳಿಯಿತು. ಅಷ್ಟು ಬಿಗಿಯಾಗಿ ಬೋಲ್ಟು ಹಾಕಿದ್ದ ಪುಣ್ಯಾತ್ಮ. ನವೆಂಬರಿನಲ್ಲಿ ಮಿತ್ಸುಯೊ ಅಕ್ಕ ಎಂದಿನಂತೆ ಕಾಕಿ ಹಣ್ಣಿನ ಸಿಪ್ಪೆ ಹೆರೆದು, ದಾರಕ್ಕೆ ಕಟ್ಟಿ, ಸೂರಿನ ಕೆಳಗೆ ತೂಗುಹಾಕಿದಳು. ಒಣಗಿ ಸಕ್ಕರೆ ಹಿಡಿದ ಮೇಲೆ ಎಲ್ಲವನ್ನೂ ಆ ಬೀರುವಿನಲ್ಲಿಟ್ಟು ಬೀಗ ಜಡಿದಳು. ತೊಕುಜಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಕಾಕಿ ಹಣ್ಣು ಮುಟ್ಟಲೇಬಾರದು ಎಂದಿದ್ದಾರೆ ಎಂದು ಅವನಿಗೆ ಹೇಳಿದಳು. ಬೀಗದ ಕೈಯನ್ನು ಬಿಳಿ ಕಲ್ಲಿನ ಡಬ್ಬಿಯಲ್ಲಿ ಬಚ್ಚಿಟ್ಟಳು.

"ಅಲ್ಲೇ ಯಾಕೆ ಇಟ್ಟೆ?" ಎಂದು ನಾನು ರೇಗಿದೆ. "ಬೆಕ್ಕಿನ ಮುಂದೆ ಮೀನಿಟ್ಟು ಮುಚ್ಚಳ ತೆಗೆದ ಹಾಗಾಯ್ತು. ಒಂದೇ ದಿನಕ್ಕೆ ಹುಡುಕಿಬಿಡ್ತಾನೆ."

"ಹುಡುಕಿಬಿಟ್ಟರು," ಎಂದಳು. ಅವಳ ಮುಖದಲ್ಲಿ ಸಂತೋಷ. "ದಿನಾ ನಾನು ಬಟ್ಟೆ ಒಗೆಯೋಕೆ ಹೋದಾಗ ಒಂದು ತಿಂತಾರೆ. ತೊಟ್ಟನ್ನ ಮೂಲಂಗಿ ಪಾತಿಯಲ್ಲಿ ಹೂಳ್ತಾರೆ. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದಾರೆ."

"ಡಾಕ್ಟರು ಮುಟ್ಟಬಾರದು ಅಂದಿದಾರಲ್ಲೇ?"

"ದಿನಕ್ಕೆ ಒಂದು ತಿನ್ನಬಹುದು ಅಂದಿದಾರೆ. ನಾನು ಇವರಿಗೆ ಹೇಳಿಲ್ಲ." ಅವಳು ನನ್ನ ತಕ್ಕಡಿಯ ತಟ್ಟೆಯನ್ನು ಸುಮ್ಮನೆ ಒರೆಸುತ್ತ ನಿಂತಳು. "ಮಧ್ಯಾಹ್ನ ಮೂಲಂಗಿ ಪಾತಿ ನೋಡ್ತೀನಿ ಹರುಯೊ. ಹೊಸ ತೊಟ್ಟು ಇದ್ದರೆ, ಇವತ್ತೂ ನೆನಪಿದೆ ಅಂತ ಅರ್ಥ. ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ."

ಪೊಲೀಸರದು ವರ್ಷಕ್ಕೊಂದು ತಪಾಸಣೆ, ಇವಳದು ದಿನಕ್ಕೊಂದು.

ಡಿಸೆಂಬರಿನ ಒಂದು ಭಾನುವಾರ ಮೂರು ಗಂಟೆಗೆ ಅವಳು ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಅಂಗಡಿಗೆ ಓಡಿಬಂದಳು.

"ಇವತ್ತು ತೊಟ್ಟಿಲ್ಲ."

"ಸರಿಯಾಗಿ ನೋಡಿದ್ಯಾ?"

"ಇಡೀ ಪಾತಿ ಕೆದಕಿದೆ. ಇಲ್ಲ ಹರುಯೊ. ಒಂದೂ ಇಲ್ಲ." ಅವಳ ಬೆರಳುಗಳ ತುಂಬ ಮಣ್ಣು.

ಅಂಗಡಿಯನ್ನು ಹಾಗೇ ಬಿಟ್ಟು ಅವಳ ಕೈ ಹಿಡಿದುಕೊಂಡು ನಡೆದೆ.

ಒಳಗೆ ತೊಕುಜಿ ಮತ್ತು ಹಯಾಮಿ ಗೋ ಹಲಗೆಯ ಎರಡು ಕಡೆ ಕೂತಿದ್ದರು. ಹಯಾಮಿ ಬೆಳಿಗ್ಗೆ ಒಂಬತ್ತಕ್ಕೇ ಬಂದನಂತೆ, ಅವತ್ತು ರಜೆಯಂತೆ, ಮಿತ್ಸುಯೊ ಅಕ್ಕ ಬಡಿಸಿಟ್ಟು ಬಟ್ಟೆ ಒಗೆಯಲು ಹೋದ ಮೇಲೆ ಊಟವೂ ಅಲ್ಲೇ ಆಯಿತಂತೆ. ತೊಕುಜಿ ಎಡಗೈಯಲ್ಲಿ ಕಪ್ಪು ಕಲ್ಲು ಇಡುತ್ತಿದ್ದ. ಬಲಗೈ ಮುಷ್ಟಿ ಕಟ್ಟಿ ತೊಡೆಯ ಮೇಲಿತ್ತು. ಅವನು ಎಡಚನಲ್ಲ.

"ರೀ, ಆ ಕೈಗೇನಾಯ್ತು?" ಎಂದಳು ಮಿತ್ಸುಯೊ ಅಕ್ಕ.

"ಏನೂ ಆಗಿಲ್ಲ."

"ಬೆಳಿಗ್ಗೆಯಿಂದ ಹೀಗೇ ಹಿಡ್ಕೊಂಡಿದಾರೆ," ಎಂದ ಹಯಾಮಿ. "ಊಟಾನೂ ಎಡಗೈಯಲ್ಲೇ ಮಾಡಿದ್ರು. ನಾನು ಕೇಳೋದು ಸರಿಯಲ್ಲ ಅಂತ ಸುಮ್ನಿದ್ದೆ."

"ಕೈ ಬಿಚ್ಚಿ ನೋಡೋಣ," ಎಂದೆ ನಾನು.

ತೊಕುಜಿ ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ, ಹಯಾಮಿಯನ್ನು ನೋಡಿ ಮುಖ ಗಂಟಿಕ್ಕಿದ.

"ಹೇಗೆ ಬಿಚ್ಚಲಿ? ಈ ಹುಡುಗ ಬಂದ ಕೂಡಲೇ ಡಬ್ಬಿಗೆ ಕೈ ಹಾಕ್ತಾನೆ ಅಂತ ಅದಕ್ಕೆ ಮೊದಲೇ ತೆಗೆದಿಟ್ಕೊಂಡೆ. ಆಮೇಲೆ ಎದ್ದು ಹೋಗೋದೇ ಇಲ್ಲ ಇವನು! ಪೊಲೀಸಿನವನ ಕಣ್ಣೆದುರಿಗೆ ಬೀರು ತೆಗೆಯೋಕಾಗುತ್ತಾ? ನಿಯಮ ಅಂದ್ರೆ ನಿಯಮ." ಮುಷ್ಟಿಯ ಬೆರಳ ಸಂದಿಯಲ್ಲಿ ಕಬ್ಬಿಣದ ಬಳೆಯ ಅಂಚು ಕಾಣುತ್ತಿತ್ತು. "ಏಳಿ ಮೂವರೂ. ಹಿತ್ತಲ ಕಡೆ ತಿರುಗಿ ನಿಲ್ಲಿ."

"ಯಾಕ್ರೀ?" ಎಂದಳು ಮಿತ್ಸುಯೊ ಅಕ್ಕ.

"ಯಾಕೆ ಅಂತ ನಿಂಗೆ ಗೊತ್ತಾ?"

"ನಂಗೇನು ಗೊತ್ತಪ್ಪ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ನಾನು ಅಡುಗೆಮನೆಯವಳು."

ಮೂವರೂ ಜಗುಲಿಯ ತುದಿಗೆ ಹೋಗಿ ಸಾಲಾಗಿ ನಿಂತೆವು. ಮೂಲಂಗಿ ಪಾತಿ ಹಂದಿ ಹೊಕ್ಕ ಹಾಗೆ ಕೆದಕಿಹೋಗಿತ್ತು. ಹಿಂದೆ ಬೀರುವಿನ ಬಾಗಿಲು ಕಿರ್ ಎಂದಿತು. ಆಮೇಲೆ ಮುದುಕ ನಿಧಾನವಾಗಿ ಅಗಿಯುವ ಸದ್ದು.

"ಯಾರೂ ತಿರುಗಬೇಡಿ," ಎಂದ, ಬಾಯಿ ತುಂಬ ಹಣ್ಣಿಟ್ಟುಕೊಂಡು.

"ತಿರುಗಿಲ್ಲ," ಎಂದೆವು ಮೂವರೂ.